ಯೋಬನ ಏಳು ಮಾತ್ರೆ

ಲೂಕ ಎಂಬ ತಿದಿಯ ಚರ್ಮದ ಮಡಿಕೆಯಲ್ಲಿ ಒಂದು ಸೀಳು, ಆ ಸೀಳಿನ ಬಾಯಲ್ಲಿ ಬಾತುಕೋಳಿಯ ಪುಕ್ಕವೊಂದು, ಎಲ್ಲಿಂದ ಬಂತೋ, ಸೋರುವ ಗಾಳಿಯ ಮೇಲೆ ನಿಂತು ಕುಣಿಯುತ್ತಿದೆ, ಬೀಳುವುದಿಲ್ಲ, ಹಾರಿಹೋಗುವುದೂ ಇಲ್ಲ — ಅದನ್ನೇ ನೋಡುತ್ತ ಎಡಗಾಲನ್ನು ತುಳಿಮಣೆಯ ಮೇಲೆ ಊರಿದ ಯೋಬ್ಸ್ಟ ಕ್ನಾಪೆಗೆ ಅನಿಸುತ್ತದೆ, ಇಷ್ಟಕ್ಕೇ ಕುಣಿಯುವುದೇ ಪುಕ್ಕ, ಮೂವತ್ತೊಂದು ವರ್ಷದಿಂದ ಈ ಎರಡು ಕಾಲು ತುಳಿದು ಹೊರಡಿಸಿದ ಗಾಳಿಯನ್ನೆಲ್ಲ ಒಂದೇ ಸಲ ಬಿಟ್ಟಿದ್ದರೆ ಹ್ಯಾಂಬುರ್ಗಿನ ಹಡಗುಗಳಷ್ಟೂ ಹಾಯಿ ಬಿಚ್ಚಿ ಹಿಂದೂಸ್ತಾನಕ್ಕೆ ಹೋಗಿ ಮೆಣಸು ತುಂಬಿಕೊಂಡು ಮಧ್ಯಾಹ್ನದ ಊಟಕ್ಕೆ ವಾಪಸು ಬಂದಿರುತ್ತಿದ್ದವು, ದಾರಿಯಲ್ಲಿ ಸಿಕ್ಕಿದ ರಾಜರೆಲ್ಲ ವಿಗ್ಗು ಹಿಡಿದುಕೊಂಡು ಮರ ತಬ್ಬಿಕೊಂಡಿರುತ್ತಿದ್ದರು, ಇದರಲ್ಲಿ ಗುಲಗಂಜಿಯಷ್ಟೂ ಸುಳ್ಳಿಲ್ಲ, ಆದರೆ ಗಾಳಿಯ ಮಾತು ಸಣ್ಣದು, ದೊಡ್ಡ ಮಾತು ಬೇರೆ ಇದೆ — ಇಡೀ ಥುರಿಂಗಿಯದಲ್ಲಿ ಇದುವರೆಗೆ ಕಟ್ಟಿದ ಸಂಗೀತದಲ್ಲೆಲ್ಲ ಅತಿ ಚಂದದ ಏಳು ಮಾತ್ರೆ ಯಾವುದೋ, ಡ್ಯೂಕನ ಆಸ್ಥಾನದಿಂದ ಹಿಡಿದು ಲೈಪ್ಸಿಗ್ಗಿನ ಪಂಡಿತರ ತನಕ ಎಲ್ಲರೂ ತಲೆದೂಗುವ ಏಳು ಮಾತ್ರೆ ಯಾವುದೋ, ಅದನ್ನು ರಚಿಸಿದವನು ಒಂದು ಸ್ವರ ಬರೆಯಲೂ ಬಾರದ, ಬರೆದದ್ದನ್ನು ಓದಲೂ ಬಾರದ ಯೋಬ್ಸ್ಟ ಕ್ನಾಪೆ, ವೈಡನ್‌ಟಾಲ್ ಚರ್ಚಿನ ಆರ್ಗನ್ನಿಗೆ ಗಾಳಿ ತುಂಬುವ ತಿದಿ ತುಳಿಯುವವನು, ಅದೂ ಕೈಯಿಂದಲ್ಲ, ಕಾಲಿಂದ, ಅದೂ ಕಾಲು ಊರಿ ಅಲ್ಲ, ಕಾಲು ಎತ್ತಿ. ಕರಡಿ ಛತ್ರದಲ್ಲಿ ಬಿಯರು ಕುಡಿಯುತ್ತ ಇಪ್ಪತ್ತು ವರ್ಷದಿಂದ ಇದನ್ನು ಹೇಳುತ್ತಿದ್ದಾನೆ, ಇಪ್ಪತ್ತು ವರ್ಷದಿಂದ ಅವರು ನಗುತ್ತಿದ್ದಾರೆ, ನಗಲಿ, ನಕ್ಕರೆ ಅವರ ಗಾಳಿ ಖರ್ಚು, ಇವನದಲ್ಲ — ತುಳಿ, ಇಳಿ, ಸರಿ, ಮತ್ತಾಯ ಆಯಿತು, ಈಗ ಮಾರ್ಕ, ಗೋಡೆಯುದ್ದಕ್ಕೂ ಸಾಲಾಗಿ ಮಲಗಿದ ನಾಲ್ಕು ಎಮ್ಮೆಗಳಂಥ ನಾಲ್ಕು ತಿದಿ, ನಾಲ್ಕಕ್ಕೂ ನಾಲ್ಕು ಸುವಾರ್ತೆಯ ಹೆಸರಿಟ್ಟವನು ತಾನೇ, ಪಾದ್ರಿಗೆ ಗೊತ್ತಾದ ದಿನ ಬೈದರು, ಆಮೇಲೆ ಅವರೇ ಏನಪ್ಪ ಲೂಕ ಇನ್ನೂ ಸೋರ್ತಿದಾನಾ ಅಂತ ಕೇಳತೊಡಗಿದರು, ಮೈಯ ಭಾರವನ್ನೆಲ್ಲ ಹಾಕಿ ಮಣೆ ತುಳಿದರೆ ತಿದಿ ಉಬ್ಬುತ್ತದೆ, ಆ ಕಡೆ ನುಡಿಸುತ್ತ ಹೋದ ಹಾಗೆ ಗಾಳಿ ಕರಗಿ ಮಣೆ ಮೆಲ್ಲಗೆ ಮೇಲೇಳುತ್ತದೆ, ಅಷ್ಟರಲ್ಲಿ ಮುಂದಿನದನ್ನು ತುಳಿದಿರಬೇಕು, ಇದಕ್ಕೆ ತೂಕ ಬೇಕು, ತೂಕಕ್ಕೆ ಪ್ಲಮ್ ಹಣ್ಣಿನ ಕೇಕು ಬೇಕು, ಇದು ಕಸುಬಿನ ಅಗತ್ಯ, ಹೊಟ್ಟೆಬಾಕತನ ಅಲ್ಲ ಅಂತ ಎಷ್ಟು ಹೇಳಿದರೂ ಹೆಂಡತಿ ಊರ್ಸೆಲ್‌ಗೆ ಅರ್ಥವಾಗುವುದಿಲ್ಲ, ಆದರೂ ಪುಣ್ಯಾತ್ಗಿತ್ತಿ, ಈ ಕಾಲುಗಳ ಬೆಲೆ ಗೊತ್ತು ಅವಳಿಗೆ, ಮಂಜಿಷ್ಠದ ಬಣ್ಣ ಹಾಕಿ ತಾನೇ ಹೆಣೆದ ಕೆಂಪು ಕಾಲ್ಚೀಲ ತೊಡಿಸುತ್ತಾಳೆ, ಇಡೀ ಊರಿಗೆ ಕೆಂಪು ಕಾಲ್ಚೀಲ ಇವನೊಬ್ಬನದೇ, ರೋಮಿನ ಕಾರ್ಡಿನಲ್ಲರಿಗೆ ಕೆಂಪು ಟೋಪಿ, ನನಗೆ ಕೆಂಪು ಕಾಲು ಅನ್ನುತ್ತಾನೆ — ತುಳಿ, ಇಳಿ, ಸರಿ, ತಲೆಯ ಮೇಲೆ ತಂತಿಗೆ ತೂಗಿದ ಗಂಟೆ, ಅದನ್ನು ನೋಡಬೇಕಾಗಿಲ್ಲ, ಅದು ಸುಮ್ಮನಿದೆ.

ಗೋಡೆಯಾಚೆ ಆರ್ಗನ್ ನುಡಿಸುವ ಫಾಲ್ಕೆ ಶುರು ಮಾಡಿಯಾಯಿತು, ಮೊದಲ ದನಿ ಒಂದೇ ಹೊರಟಿದೆ, ತೆಳ್ಳಗೆ, ಬಿಲ್ಲೆ ಕಲ್ಲು ನೀರ ಮೇಲೆ ಹಾರಿದ ಹಾಗೆ, ಇನ್ನೇನು ಎರಡನೆಯದು ಅದನ್ನೇ ಹೇಳುತ್ತ ಹಿಂದೆ ಓಡಿ ಬರುತ್ತದೆ, ಆಮೇಲೆ ಮೂರನೆಯದು, ಕೊನೆಗೆ ಕಾಲಿಂದ ನುಡಿಸುವ ಭಾರದ ದನಿ, ಯೋಬ್ಸ್ಟನ ನಾಲ್ವರು ಸೋದರತ್ತೆಯರು ಅಡಿಗೆಮನೆಯಲ್ಲಿ ಜಗಳವಾಡುತ್ತಿದ್ದದ್ದೂ ಹೀಗೇ, ಒಬ್ಬಳು ಅಂದದ್ದನ್ನೇ ಇನ್ನೊಬ್ಬಳು ಸ್ವಲ್ಪ ತಡೆದು ಇನ್ನೂ ಜೋರಾಗಿ ಅನ್ನುವುದು, ನಾಲ್ವರದೂ ಸರಿ. ಸಂಗೀತಗಾರರನ್ನು ಮುಂದಿನಿಂದ ನೋಡಿದವರಿಗೆ ಏನು ಗೊತ್ತು, ಮುಂದೆ ಚಿನ್ನದ ರೆಕ್ಕೆಯ ದೇವದೂತರು, ತುತ್ತೂರಿ, ಹೊಳೆಯುವ ಕೊಳವೆಗಳು, ಹಿಂದೆ ಜೇಡರಬಲೆ ಮತ್ತು ಯೋಬ್ಸ್ಟ, ರಚನೆಕಾರ ಎಂಥವನು ಅನ್ನುವುದನ್ನು ಮೀನಖಂಡದಲ್ಲಿ ತಿಳಿಯಬೇಕು, ಉತ್ತರ ಸಮುದ್ರದ ಕಡೆಯವರು ಪಾದದಲ್ಲಿ ಒತ್ತುವ ಕಾಲಮನೆಗಳ ಮೇಲೆ ಕುದುರೆ ಓಡಿಸುತ್ತಾರೆ, ಅವರ ಒಂದು ಪುಟಕ್ಕೆ ನಾಲ್ಕೂ ಸುವಾರ್ತೆ ಬರಿದು, ಇಟಲಿಯವರು ಹೊಟ್ಟೆ ತುಂಬಿದ ಬೆಕ್ಕುಗಳು, ಎರಡು ತಿದಿ ತುಂಬಿಸಿಟ್ಟರೆ ನಡುವೆ ಕೆಳಗಿಳಿದು ಬಿಯರು ಕುಡಿದು ಬರಬಹುದು, ಫ್ರಾನ್ಸಿನವರು ಒಂದೊಂದು ಸ್ವರಕ್ಕೂ ರಿಬ್ಬನ್ನು ಕಟ್ಟುತ್ತಾರೆ, ಹಸಿವಿಲ್ಲದೆ ತಟ್ಟೆ ಕೆದಕಿದ ಹಾಗೆ, ಆದರೆ ಹೆರ್ಫುರ್ಟ್ ಯಜಮಾನರು, ಇದನ್ನು ಬರೆದ ನಮ್ಮ ಮೆಲ್ಖಿಯೋರ್ ಹೆರ್ಫುರ್ಟ್, ಹೋದ ಶರತ್ಕಾಲದಲ್ಲಿ ತೀರಿಕೊಂಡ ಮಹಾನುಭಾವ, ಅವರು ಬೇಕಾದಷ್ಟು ಗಾಳಿ ಕೇಳಿದರು, ಒಂದು ಉಸಿರು ಹೆಚ್ಚಿಲ್ಲ, ಕಡಿಮೆಯಿಲ್ಲ, ಹಿಟ್ಟು ಅಳೆಯುವ ಹೆಂಗಸಿನ ಹಾಗೆ. ಹತ್ತೊಂಬತ್ತರ ವಯಸ್ಸಿನಲ್ಲಿ ಉತ್ತರದ ಒಬ್ಬ ಮುದುಕ ಗುರುಗಳ ಕೈ ಕೇಳಬೇಕೆಂದು ಹನ್ನೊಂದು ದಿನ ನಡೆದವರು, ಯೋಬ್ಸ್ಟ ಹೇಳುವಾಗ ಅದು ನಲವತ್ತು ದಿನ, ಜತೆಗೆ ತೋಳ, ಬೂಟು ಸವೆಯದಿರಲಿ ಎಂದು ಕೊರಳಿಗೆ ಹಾಕಿಕೊಂಡು ಬರಿಗಾಲಲ್ಲಿ ನಡೆದರಂತೆ, ಇದು ಮಾತ್ರ ನಿಜ, ಗುರುಗಳು ಮೆಚ್ಚಿದರು, ನನ್ನ ಕುರ್ಚಿ ತಗೋ, ಜತೆಗೆ ನನ್ನ ಮಗಳನ್ನೂ ತಗೋ ಅಂದರು, ಆ ಕಾಲದಲ್ಲಿ ಆರ್ಗನ್ ಕುರ್ಚಿಯೊಂದಿಗೆ ಮಗಳು ಬರುವುದು ವಾಡಿಕೆ, ಮಗಳನ್ನು ನೋಡಿದರು, ಬೂಟು ಕೊರಳಿಗೆ ಹಾಕಿಕೊಂಡರು, ವಾಪಸು ನಡೆದರು, ಇಲ್ಲಿ ಬಂದು ಬೇಕರಿಯವರ ಮಗಳು ಮಾರ್ಗರೇಟಳನ್ನು ಕಟ್ಟಿಕೊಂಡರು, ಹಿಟ್ಟಿನ ಕೈಯ, ಯಾವಾಗಲೂ ಗುನುಗುವ ಹೆಂಗಸು, ಇವರೋ ಒಂದು ಸಲಕ್ಕೆ ನಾಲ್ಕು ಮಾತಿಗಿಂತ ಹೆಚ್ಚು ಆಡಿದ್ದನ್ನು ಊರು ಕೇಳಿಲ್ಲ, ಬರೆಯುತ್ತಲೇ ಹೆರಿಂಗ್ ಮೀನು ತಿನ್ನುವುದು, ಅವರ ರಚನೆಗಳ ಮೇಲೆ ಅಲ್ಲಲ್ಲಿ ಮೀನಿನ ಹುರುಪೆ ಅಂಟಿದೆ, ಸಿಬಿಲ್ಲ, ಅವರ ಮಗಳು, ನಕಲು ಮಾಡುವಾಗ ಎಷ್ಟೋ ಸಲ ಅದನ್ನು ಸ್ವರವೆಂದುಕೊಂಡಿದ್ದಾಳಂತೆ. ತುಳಿ, ಇಳಿ, ಸರಿ. ಯಜಮಾನರು ಹೋದ ಮೇಲೆ ಅದೇ ವಾಡಿಕೆಯಂತೆ ಈ ಕುರ್ಚಿ ಸಿಬಿಲ್ಲಳ ಗಂಡ ಫಾಲ್ಕೆಗೆ ಬಂತು, ಚೆನ್ನಾಗಿ ನುಡಿಸುತ್ತಾನೆ, ಇಲ್ಲವೆನ್ನುವುದಿಲ್ಲ, ಗಾಳಿ ಬೇಕಾದಾಗ ಗಂಟೆಯ ಗುಬಟು ಎಳೆಯುವ ರೀತಿ ಮಾತ್ರ ನಾಯಿ ಕರೆದ ಹಾಗಿದೆ — ಆ ಕಡೆ ಬಲಗೈ ಪಕ್ಕ ಗುಬಟು, ಈ ಕಡೆ ಗಂಟೆ, ನಡುವೆ ತಂತಿ, ಎಳೆದರೆ ಟಿಣ್, ತುಳಿಯೋ ಅಂತ, ಸಾಕು, ಗಂಟೆಯ ಸುದ್ದಿ ಬೇಡ.

ನಿನ್ನೆ ಕೇಕು ಚೆನ್ನಾಗಿತ್ತು, ಅದೇ ಯೋಚಿಸೋಣ, ಸಿಬಿಲ್ಲಳ ಮನೆಯ ಮೇಜು, ಮಧ್ಯಾಹ್ನದ ಕಾಫಿ, ಕೇಕಿನ ಮೇಲೆ ಸಕ್ಕರೆ ಬೆರೆಸಿದ ಹಿಟ್ಟಿನ ಉಂಡೆ ಉಂಡೆ ಪುಡಿ, ಯೋಬ್ಸ್ಟನ ಪಾಲಿಗೆ ಮೂರು ತುಂಡು, ಐದು ಅಂತಲೇ ಇಟ್ಟುಕೊಳ್ಳಿ, ಎದುರಿಗೆ ಲೈಪ್ಸಿಗ್ಗಿನಿಂದ ಬಂದ ಪಂಡಿತರು ಮಾಗಿಸ್ಟರ್ ಪೊಮ್ಮರ್, ಕತ್ತಿಲ್ಲದ, ವಿಗ್ಗುಳ್ಳ ಮನುಷ್ಯ, ಯಜಮಾನರ ಈ ರಚನೆಯನ್ನು ತಾಮ್ರದ ತಗಡಿನಲ್ಲಿ ಕೊರೆಸಿ ಅಚ್ಚು ಹಾಕಿಸಲು ಬಂದವರು, ಇವತ್ತು ಆರಾಧನೆ ಮುಗಿದ ಕೂಡಲೇ ಅವರ ಗಾಡಿ ಹೊರಡುತ್ತದೆ, ಅಷ್ಟರೊಳಗೆ ಸಿಬಿಲ್ಲ ಒಪ್ಪಿ ಸಹಿ ಹಾಕಬೇಕು. ಮಾಗಿಸ್ಟರ್ ಬೆರಳಿಟ್ಟು ತೋರಿಸಿದರು, ಇಲ್ಲಿ ನೋಡಿ ಅಮ್ಮಾ, ಕೊನೆಗೆ ಬರೋ ಮೊದ್ಲು ಏಳು ಮಾತ್ರೆ ಏನೂ ಇಲ್ಲ, ಬರೀ ಮೌನ, ಅದರ ಮೇಲೆ ನಿಮ್ಮ ತಂದೆಯವರ ಕೈಯಲ್ಲೇ ಬರ್ದಿದೆ, ಯೋಬ, ಆಮೇಲೆ ಶಾಯಿ ಕದಡಿದೆ, ಯಾರು ಯೋಬ, ಬೈಬಲಿನಲ್ಲಿ ಎಲ್ಲಾನೂ ಕಳ್ಕೊಂಡೋನು, ಅವನ ಸ್ನೇಹಿತರು ಬಂದು ಅವನ ಜತೆ ನೆಲದ ಮೇಲೆ ಏಳು ದಿನ ಕೂತ್ರು, ಒಬ್ರೂ ಒಂದು ಮಾತಾಡ್ಲಿಲ್ಲ, ಏಳು ದಿನ, ಏಳು ಮಾತ್ರೆ, ಹೆಂಡ್ತಿ ಮಣ್ಣಾದ ದಿನ ನುಡಿಸಿದ್ದು ಇದು, ದುಃಖಾನ ಇದಕ್ಕಿಂತ ಹೇಗೆ ಹೇಳ್ತೀರಿ. ಕಾಫಿ ಹೀರುತ್ತಿದ್ದ ಫಾಲ್ಕೆ, ನನಗೇನೋ ನಕಲು ಮಾಡ್ವಾಗ ಬಿಟ್ಟುಹೋದ ಜಾಗ ಅನ್ಸುತ್ತೆ ಸ್ವಾಮಿ, ಏಳು ಮಾತ್ರೆ ಕೈ ಕಟ್ಕೊಂಡು ಕೂತ್ರೆ ಜನ ನಾನು ಮರ್ತುಬಿಟ್ಟೆ ಅಂದ್ಕೋತಾರೆ, ಹೋದ್ಸಲ ಕಟುಕನ ಹೆಂಡ್ತಿ ಮುಗೀತು ಅಂತ ಎದ್ದೇ ಹೋದ್ಲು. ಯೋಬ್ಸ್ಟನ ಬಾಯಲ್ಲಿ ಕೇಕು, ಆದರೂ ತಡೆಯಲಾರದೆ, ಅದನ್ನ ಕಟ್ಟಿದ್ದು ನಾನು ಸ್ವಾಮಿ ಅಂದುಬಿಟ್ಟ. ಫಾಲ್ಕೆ ಮೇಜು ತಟ್ಟಿ ನಕ್ಕ, ಮಾಗಿಸ್ಟರ್, ನಮ್ಮ ಯೋಬ್ಸ್ಟಣ್ಣನ ಕಾಲ ಹೆಬ್ಬೆರಳಿಗೆ ಒಂದು ಬಾತಿನ ಗರಿ ಸಿಕ್ಸಿ ಶಾಯಿ ಕೊಡಿ, ಇನ್ನೊಂದು ರಚನೆ ಬರ್ಕೊಡ್ತಾರೆ. ಮಾಗಿಸ್ಟರರ ಕತ್ತಿಲ್ಲದ ಜಾಗವೆಲ್ಲ ಕುಲುಕಿತು. ಸಿಬಿಲ್ಲ ನಗಲಿಲ್ಲ. ಚಾಕು ಕೆಳಗಿಟ್ಟಳು. ಮಾಮ, ತಮಾಷೆ ಸಾಕು, ಆವತ್ತು ಹಿಂದುಗಡೆ ಇದ್ದೋರು ನೀವೊಬ್ರೆ, ಅಪ್ಪ ತಾವಾಗೇ ನಿಲ್ಸಿದ್ರಾ ಹೇಳಿ, ಅಮ್ಮ ಸತ್ತಾಗ ನನಗೆ ಆರು ವರ್ಷ, ಅಪ್ಪ ಅಳ್ಲಿಲ್ಲ, ಮಣ್ಣು ಹಾಕಿದ್ರು, ಕೈ ತೊಳ್ಕೊಂಡ್ರು, ಸಾಯಂಕಾಲ ನನ್ನ ಪಾಠ ಒಪ್ಪಿಸ್ಕೊಂಡ್ರು, ಆಮೇಲೆ ಸಾಯೋ ತನಕ ಮನೇಲಿ ಅಮ್ಮನ ಹೆಸರೆತ್ಲಿಲ್ಲ, ಅವರಿಗೆ ನೋವಾಯ್ತು ಅನ್ನೋದಕ್ಕೆ ನನ್ನ ಹತ್ರ ಇರೋದು ಈ ಏಳು ಮಾತ್ರೆ ಒಂದೇ, ಅದು ಅಪ್ಪಂದೇ ಆದ್ರೆ ಕೊರೀಲಿ, ಅಲ್ಲದಿದ್ರೆ ಕಿತ್ತುಹಾಕ್ಲಿ, ಸುಳ್ಳನ್ನ ತಾಮ್ರದಲ್ಲಿ ಕೊರ್ಸೋಕೆ ನಾನು ಸಹಿ ಹಾಕಲ್ಲ. ಆಗ ಹೇಳಬಹುದಿತ್ತು, ಬಾಯಿ ಖಾಲಿಯಾಗಿತ್ತು, ಆದರೆ ಯೋಬ್ಸ್ಟನ ಬಾಯಿ ಖಾಲಿಯಾದರೆ ತಾನಾಗಿ ತುಂಬಿಕೊಳ್ಳುತ್ತದೆ, ಅದು ಅವನ ಐದನೆಯ ತಿದಿ — ಹಿಂದಿನ ದಿನವೇ ನಿಮ್ಮಪ್ಪ ನನ್ನ ಕರೆದು ಹೇಳಿದ್ರು ತಾಯಿ, ಯೋಬ್ಸ್ಟ, ನಾಳೆ ಆ ಜಾಗ ಬಂದಾಗ ಏಳು ಎಣಿಸ್ತೀನಿ, ನೀನು ಗಾಳಿ ತುಂಬಿಟ್ಟಿರು, ನನ್ನ ಮಾರ್ಗರೇಟಿಗೆ ಕೇಳ್ಸೋದು ಆ ಮೌನ ಮಾತ್ರ ಅಂತ, ಕಣ್ಣೀರು ಧಾರಾಕಾರ, ನನ್ನ ಬೂಟಿನ ಒಳಗೆ ನೀರು. ಸಿಬಿಲ್ಲ ಅವನನ್ನೇ ನೋಡಿದಳು, ಅಷ್ಟುದ್ದ ಮಾತು ಅಪ್ಪ ಆಡಿದ್ರಾ. ಆವತ್ತೊಂದಿನ ಅಂದ ಯೋಬ್ಸ್ಟ. ಮಾಗಿಸ್ಟರ್ ಪುಸ್ತಕ ತೆಗೆದು ಬರೆದುಕೊಂಡರು, ಕರ ಕರ ಕರ, ಗರಿಯ ಸದ್ದು, ಮುನ್ನುಡಿಯಲ್ಲಿ ಹಾಕ್ತೀನಿ, ಪ್ರತ್ಯಕ್ಷ ಕೇಳಿದೋರ ಮಾತು ಅಂತ, ಆಗ ಮೊದಲ ಸಲ ಯೋಬ್ಸ್ಟ ಮುಂದಿನ ತುಂಡಿಗೆ ಕೈ ಹಾಕಲಿಲ್ಲ, ಕರಡಿ ಛತ್ರದಲ್ಲಿ ಹೇಳಿದ್ದು ಬಿಯರಿನ ನೊರೆಯ ಜತೆ ಇಳಿದುಹೋಗುತ್ತದೆ, ತಾಮ್ರದಲ್ಲಿ ಕೊರೆದದ್ದು ಇಳಿಯುವುದಿಲ್ಲ, ಯೋಬ್ಸ್ಟನ ಸುಳ್ಳುಗಳಲ್ಲಿ ಒಂದನ್ನೂ ಇದುವರೆಗೆ ಯಾರೂ ನಂಬಿರಲಿಲ್ಲ, ಇದೊಂದನ್ನು ನಂಬಿಬಿಟ್ಟರು.

ತುಳಿ, ಇಳಿ, ಸರಿ, ಲೂಕ, ಪುಕ್ಕ ಇನ್ನೂ ಅಲ್ಲೇ ಇದೆ, ಮೂರನೆಯ ದನಿ ಬಂತು, ಇನ್ನು ಎಷ್ಟು ಹೊತ್ತು, ಕಾಲಮನೆಯ ಭಾರದ ದನಿ ಎರಡು ಸಲ ಬರಬೇಕು, ಎರಡನೆಯ ಸಲ ಮುಗಿಯುವಲ್ಲಿ ಮೌನ, ಮೆಟ್ಟಿಲ ಮೇಲೆ ಹೆಜ್ಜೆ, ಯಾರದು, ಇಲ್ಲಿಗೆ ಯಾರೂ ಬರುವುದಿಲ್ಲ, ಆರಾಧನೆಯ ನಡುವೆಯಂತೂ ಇಲ್ಲವೇ ಇಲ್ಲ, ಮೂವತ್ತೊಂದು ವರ್ಷದಲ್ಲಿ ಒಬ್ಬರೇ ಬಂದದ್ದು, ಯಜಮಾನರು, ಅದೂ ಒಂದೇ ಸಲ — ಸಿಬಿಲ್ಲ. ಕಪ್ಪು ಬಟ್ಟೆ, ಕೈ ಮುಷ್ಟಿ. ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು, ಅವರಪ್ಪ ನಿಂತಿದ್ದ ಜಾಗದಲ್ಲೇ, ಆರ್ಗನ್ನಿನ ಸದ್ದಿನಲ್ಲಿ ಮಾತು ಕೇಳುವುದಿಲ್ಲವಲ್ಲ, ಹತ್ತಿರ ಬಂದು ಕಿವಿಯಲ್ಲಿ ಹೇಳಿದಳು, ಮಾಮ, ತುಳಿಯೋದು ನಿಲ್ಲಿಸ್ಬೇಡಿ, ತುಳೀತಾನೇ ಹೇಳಿ, ಇದೇನು. ಮುಷ್ಟಿ ಬಿಚ್ಚಿದಳು. ಒಂದು ಹಿಡಿ ಉಣ್ಣೆ, ಕೆಂಪು, ಹಳತಾಗಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿದ್ದು, ಯಾವುದೋ ಗುಂಡನೆಯ ಜಾಗದಲ್ಲಿ ಅದುಮಿಟ್ಟ ಹಾಗೆ ಇನ್ನೂ ಬಟ್ಟಲಾಕಾರ. ಅಪ್ಪನ ವಿಗ್ಗಿನ ಪೆಟ್ಟಿಗೇಲಿತ್ತು, ಅಮ್ಮ ಹೊಲಿಯೋವಾಗ ಬೆರಳಿಗೆ ಹಾಕ್ತಿದ್ದ ಟೋಪಿಯ ಜತೆ, ಒಂದು ಕಾಗದದಲ್ಲಿ ಸುತ್ತಿ ಇಟ್ಟಿದ್ರು, ಕಾಗದದ ಮೇಲೆ ಬರ್ದಿದ್ರು, ಅಲ್ಲಿ ಶಾಯಿ ಕದಡಿಲ್ಲ ಮಾಮ, ಯೋಬ್ಸ್ಟ ಅಂತ ಪೂರ್ತಿ ಇದೆ. ತುಳಿ. ಇಳಿ. ಅದೊಂದು ಕುರಿ ತಾಯಿ, ನಿಮ್ಮಪ್ಪನಿಗೆ ಒಂದು ಕುರಿ ಮೇಲೆ ಬಹಳ ಪ್ರೀತಿ — ಕೆಂಪು ಕುರಿ, ಅಂದಳು. ಸರಿ, ಮಾರ್ಕ, ಇಲ್ಲ, ಇಲಿ ಗೂಡು ಇರ್ಬೇಕು, ಈ ಕಡೆ ಇಲಿಗಳು ಕರುವಿನಷ್ಟು ಇರ್ತಾವೆ, ಎಲ್ಲೆಲ್ಲಿಂದಲೋ ತರ್ತಾವೆ. ಕಾಗದದಲ್ಲಿ ಸುತ್ತಿ ಹೆಸರು ಬರೆಯೋ ಇಲಿ, ಅಂದಳು. ಇಳಿ, ಸರಿ, ಚಳಿಗಾಲದಲ್ಲಿ ನಿಮ್ಮಪ್ಪನ ಕಿವಿಗೆ ಇಟ್ಕೊಳ್ಳಲಿ ಅಂತ ನಮ್ಮ ಊರ್ಸೆಲ್ ಕೊಟ್ಟಿದ್ದು, ಕಿವಿ ಬಹಳ ಸೂಕ್ಷ್ಮ ಅಲ್ವಾ ಸಂಗೀತಗಾರರಿಗೆ — ಅವಳು ಬಗ್ಗಿದಳು, ಉಣ್ಣೆಯನ್ನು ತುಳಿಯುತ್ತಿರುವ ಅವನ ಮೀನಖಂಡಕ್ಕೆ ಒತ್ತಿ ಹಿಡಿದಳು, ಕೆಂಪು ಕಾಲ್ಚೀಲದ ಮೇಲೆ, ಅವನು ಮತ್ತಾಯನಿಂದ ಮಾರ್ಕನಿಗೆ ಸರಿದರೆ ಅವಳೂ ಕುಕ್ಕರಗಾಲಲ್ಲೇ ಸರಿದಳು, ಲೂಕನ ಕಡೆಗೂ ಬಂದಳು, ಹೊಸತು ಮತ್ತು ಹಳತು, ಒಂದೇ ಎಳೆ, ಒಂದೇ ಗಂಟು, ಊರ್ಸೆಲ್ ಹಾಕುವ ಆ ಸೊಟ್ಟ ಗಂಟು, ಊರಿಗೆಲ್ಲ ಅವಳೊಬ್ಬಳೇ ಹಾಕುವುದು. ಭಾರದ ದನಿ ಮೊದಲ ಸಲ ಬಂದು ಹೋಯಿತು, ನೆಲ ನಡುಗಿತು. ನನಗೆ ಜಗಳ ಆಡೋಕೆ ಬೇಕಿಲ್ಲ ಮಾಮ, ಏನಾಯ್ತು ಅಂತ ಅಷ್ಟೇ ಬೇಕು, ಗಾಡಿ ಕೆಳಗೆ ಕಾಯ್ತಿದೆ.

ಏನಾಯಿತು. ಇಪ್ಪತ್ತು ವರ್ಷದಿಂದ ಆ ಪ್ರಶ್ನೆಯ ಸುತ್ತ ಹಡಗು ಓಡಿಸಿದ್ದಾನೆ, ರಾಜರ ವಿಗ್ಗು ಹಾರಿಸಿದ್ದಾನೆ, ಈಗ ಬಾಯಿ ತೆರೆದರೆ ಆ ಐದನೆಯ ತಿದಿ ತುಂಬಿಕೊಳ್ಳುತ್ತಿಲ್ಲ, ಎಲ್ಲೋ ಸೀಳು ಬಿದ್ದಿದೆ. ನಾನು ಅದಕ್ಕೆ ಉಣ್ಣೆ ತುರುಕಿದ್ದೆ, ಅಂದ, ಕತ್ತು ಎತ್ತದೆ, ಗಂಟೆಗೆ, ಅದರ ಬಾಯಿಗೆ, ಪಾದ್ರಿಗಳ ಪ್ರಸಂಗ ಉದ್ದ ಇರ್ತಿತ್ತು ತಾಯಿ, ನಡುವೆ ತಂತಿ ಅಲುಗಿದ್ರೂ ಆ ಟಿಣ್ ಟಿಣ್ ಕಿವಿಗೆ ಚುಚ್ತಿತ್ತು, ಹಳೇ ಕಾಲ್ಚೀಲ ಹರಿದು ತುರುಕಿದ್ದೆ, ಪ್ರಸಂಗ ಮುಗ್ಯೋ ತನಕ ಒಂದು ಕಣ್ಣು ನಿದ್ದೆ, ಯಾರಿಗೂ ಗೊತ್ತಾಗ್ತಿರ್ಲಿಲ್ಲ, ಆವತ್ತು ತೆಗೆಯೋದು ಮರ್ತೆ, ಮರ್ತು ಮಲಗಿದ್ದೆ, ನಿಮ್ಮಮ್ಮನ್ನ ಮಣ್ಣು ಮಾಡೋ ದಿನ ನಾನು ಇಲ್ಲಿ, ಈ ಯೋಹಾನನ ಮೇಲೆ ಬೆನ್ನು ಹಾಕ್ಕೊಂಡು, ನಿದ್ದೆ ಮಾಡ್ತಿದ್ದೆ. ಹೇಳುವಾಗಲೂ ಕಾಲು ತುಳಿಯುತ್ತಿದೆ, ಕಾಲಿಗೆ ನಾಚಿಕೆ ಇಲ್ಲ, ಆವತ್ತು ತುಂಬಿಸಿಟ್ಟ ನಾಲ್ಕೂ ತಿದಿ ನುಡಿಸುತ್ತ ನುಡಿಸುತ್ತ ಬರಿದಾದವು, ನಾಲ್ಕು ದನಿಯೂ ಒಟ್ಟಿಗೆ ಜಗ್ಗಿದವು, ಬೆಟ್ಟದ ಮೇಲಿಂದ ಜಾರುವ ಹಸುಗಳು ಕೂಗಿದ ಹಾಗೆ ಕೆಳಕ್ಕೆ, ಕೆಳಕ್ಕೆ, ಆಮೇಲೆ ಏನೂ ಇಲ್ಲ, ಆ ಏನೂ ಇಲ್ಲದ್ದೇ ಅವನನ್ನು ಎಬ್ಬಿಸಿದ್ದು, ಕಣ್ಣು ಬಿಟ್ಟರೆ ಮೊದಲು ಕಂಡದ್ದು ಗಂಟೆ, ಅತ್ತ ಇತ್ತ ಬಡಿದುಕೊಳ್ಳುತ್ತಿದೆ, ಸದ್ದಿಲ್ಲ, ಬಾಯಲ್ಲಿ ಕೆಂಪು ಉಣ್ಣೆ, ಯಾರೋ ಬಾಯಿಗೆ ಬಟ್ಟೆ ತುರುಕಿದ ಮನುಷ್ಯ ಕೂಗಿಕೊಳ್ಳುತ್ತಿರುವ ಹಾಗೆ. ಹಾರಿದ, ಮತ್ತಾಯನ ಮೇಲೆ, ಮಾರ್ಕನ ಮೇಲೆ, ಮೊಣಕಾಲು ತರಚಿತು, ಯಜಮಾನರ ಬೈಗಳಿಗೆ ಬೆನ್ನು ಸಿದ್ಧ ಮಾಡಿಕೊಂಡ, ಆರಾಧನೆ ಮುಗಿದ ಮೇಲೆ ಅವರು ಬಂದರು, ಇದೇ ಬಾಗಿಲಲ್ಲಿ ನಿಂತರು, ಗಂಟೆಯ ಹತ್ತಿರ ಹೋಗಿ ಎರಡು ಬೆರಳಲ್ಲಿ ಉಣ್ಣೆ ಎಳೆದು ತೆಗೆದರು, ನೋಡಿದರು, ಇದಕ್ಕೆ ಚಳಿ ಆಗ್ತಿತ್ತಾ ಅಂದರು, ಜೇಬಿಗೆ ಹಾಕಿಕೊಂಡರು, ಹೋದರು, ಅಷ್ಟೇ, ಕೆಲಸದಿಂದ ತೆಗೆಯಲಿಲ್ಲ, ಯಾರಿಗೂ ಹೇಳಲಿಲ್ಲ, ಮುಂದಿನ ವಾರ ರಚನೆಯನ್ನು ಮತ್ತೆ ಬರೆದಾಗ ಆ ಜಾಗದಲ್ಲಿ ಏಳು ಮಾತ್ರೆ ಮೌನ ಇತ್ತಂತೆ, ಊರು ಹೊಗಳಿತು, ಪಾದ್ರಿಗಳು ಅದರ ಮೇಲೊಂದು ಪ್ರಸಂಗ ಮಾಡಿದರು, ಯೋಬ್ಸ್ಟ ಯೋಚಿಸಿದ, ಹೊಗಳಿಕೆ ಸುಮ್ಮನೆ ಬಿದ್ದಿದೆ, ಒಂದು ಚೂರು ನಾನೂ ತಗೊಂಡರೆ ಏನು.

ಸಿಬಿಲ್ಲ ಎದ್ದು ನಿಂತಿದ್ದಾಳೆ. ಮುಖದಲ್ಲಿ ಏನೂ ಇಲ್ಲ, ಅವರಪ್ಪನ ಮುಖ. ಹಾಗಾದ್ರೆ ಅಪ್ಪಂದಲ್ಲ, ಅಂದಳು, ಗಾಳಿ ನಿಂತಿದ್ದಕ್ಕೆ ನಿಂತಿದ್ದು, ಸರಿ, ಮಾಗಿಸ್ಟರಿಗೆ ಹೇಳ್ತೀನಿ, ಕಿತ್ತುಹಾಕ್ಲಿ. ಉಣ್ಣೆಯನ್ನು ಮತ್ತೆ ಮುಷ್ಟಿಯಲ್ಲಿ ಮುಚ್ಚಿ ಬಾಗಿಲ ಕಡೆ ತಿರುಗಿದಳು, ಭಾರದ ದನಿ ಎರಡನೆಯ ಸಲ ಬರುತ್ತಿದೆ, ಇನ್ನೇನು ಮುಗಿಯುತ್ತದೆ, ಹೇಳಿದ್ದು ನಿಜ, ಆದರೆ ಪೂರ್ತಿ ನಿಜ ಅಲ್ಲ, ನಿಜವನ್ನೂ ಅ‍ರ್ಧ ಹೇಳಿ ಬಿಟ್ಟರೆ ಅದು ಇವನ ಉಳಿದ ಮಾತುಗಳ ಜತೆಗೇ ಸೇರುತ್ತದೆ, ಉಳಿದ ಅರ್ಧ ಹೇಳಬೇಕಾದರೆ ಮೊದಲ ಅರ್ಧ ಹೇಳಿರಬೇಕಿತ್ತು, ಅದಕ್ಕೇ ಇಷ್ಟು ವರ್ಷ ಅದು ಗಂಟಲು ದಾಟಲಿಲ್ಲ — ನಿಂತ್ಕೋ ಮಗಾ, ಎರಡೇ. ಅವಳು ತಿರುಗಿದಳು. ಎರಡೇ ನನ್ನದು, ಅಂದ, ಯೋಬ್ಸ್ಟನಿಗೆ ತನ್ನ ಧ್ವನಿಯೇ ಗುರುತು ಸಿಗಲಿಲ್ಲ, ಉಬ್ಬು ಇಲ್ಲದ ಧ್ವನಿ, ಏಳ್ರಲ್ಲಿ ಎರಡು ಮಾತ್ರೆ, ಅಷ್ಟ್ರೊಳಗೆ ನಾನು ಹಾರಿ ತುಳಿದಿದ್ದೆ, ಗಾಳಿ ತುಂಬಿತ್ತು, ನಾಲ್ಕಕ್ಕೂ ತುಂಬಿತ್ತು, ಮಣೆ ಕೆಳಗೇ ನಿಂತಿತ್ತು, ಮೇಲೇಳ್ಲಿಲ್ಲ, ಮೇಲೇಳದಿದ್ರೆ ಆ ಕಡೆ ಯಾರೂ ನುಡಿಸ್ತಿಲ್ಲ ಅಂತ, ನಾನು ಕಾದೆ, ಮೂರು, ನಾಲ್ಕು, ನಿಮ್ಮಪ್ಪನಿಗೆ ಗಾಳಿ ಬಂದದ್ದು ಗೊತ್ತಾಗಿತ್ತು, ಅಷ್ಟು ವರ್ಷ ಕೂತೋರಿಗೆ ಬೆನ್ನಲ್ಲೇ ಗೊತ್ತಾಗುತ್ತೆ, ಆದ್ರೂ ನುಡಿಸ್ಲಿಲ್ಲ. ಯಾಕೆ, ಅಂದಳು ಸಿಬಿಲ್ಲ. ಅದು ನನಗೆ ಗೊತ್ತಿಲ್ಲ, ಅಂದ ಯೋಬ್ಸ್ಟ ಕ್ನಾಪೆ, ಜನ್ಮದಲ್ಲಿ ಮೊದಲ ಸಲ ಆ ಮಾತು ಅವನ ಬಾಯಿಂದ ಬಂತು, ನನಗೆ ಗೊತ್ತಿಲ್ಲ ಮಗಾ, ನಾನು ಕಂಡದ್ದು ಇಷ್ಟೇ, ಗಾಳಿ ತುಂಬಿದ ಮೇಲೆ ಗಂಟೆ ಎಳೆಯೋ ಕೆಲಸ ಇರ್ಲಿಲ್ಲ, ಬಡ್ಕೊಳ್ಳೋದು ನಿಂತಿತ್ತು, ಆದ್ರೆ ಗಂಟೆ ನಿಂತಿರ್ಲಿಲ್ಲ, ಸಣ್ಣಗೆ, ಹೀಗೆ — ಅವನು ಕೈ ಎತ್ತಿ ತೋರಿಸಲು ಹೋದ, ಅಷ್ಟರಲ್ಲಿ ಗೋಡೆಯಾಚೆ ಭಾರದ ದನಿ ಮುಗಿಯಿತು, ಫಾಲ್ಕೆ ಕೈ ಎತ್ತಿದ, ಚರ್ಚು ಪೂರ್ತಿ ನಿಂತುಹೋಯಿತು, ಮಣೆ ಅವನ ಕಾಲಡಿ ನಿಂತಿತು, ಒಂದು, ಎರಡು, ಇವು ನನ್ನವು, ಮೂರು, ಆವತ್ತು ಆ ಕಡೆ ಗುಬಟಿನ ಮೇಲೆ ಯಜಮಾನರ ಕೈ ಇತ್ತು, ಬಿಟ್ಟಿರಲಿಲ್ಲ, ಎಳೆಯುತ್ತಲೂ ಇರಲಿಲ್ಲ, ಸುಮ್ಮನೆ ಹಿಡಿದಿತ್ತು, ಹಿಡಿದ ಕೈಯ ನಡುಕವನ್ನು ನಿಲ್ಲಿಸಲಾಗಿರಲಿಲ್ಲ, ನಾಲ್ಕು, ಅದು ತಂತಿಯಲ್ಲಿ ಬಂತು, ಐದು, ಸಿಬಿಲ್ಲ ತಲೆಯೆತ್ತಿ ಗಂಟೆಯನ್ನು ನೋಡುತ್ತಿದ್ದಾಳೆ, ಯೋಬ್ಸ್ಟನೂ ಇಪ್ಪತ್ತು ವರ್ಷದ ಮೇಲೆ ನೋಡಿದ, ಆರು, ಗಂಟೆ ಈಗ ಅಲುಗುತ್ತಿಲ್ಲ, ಆದರೆ ಆವತ್ತು ಅಲುಗುತ್ತಿತ್ತು, ಬಾಯಲ್ಲಿ ಕೆಂಪು ಉಣ್ಣೆ ಇಟ್ಟುಕೊಂಡು, ಸಣ್ಣಗೆ, ಸದ್ದಿಲ್ಲದೆ, ಅಲುಗುತ್ತಿತ್ತು